ಬೆಕ್ಕಿನ ಕಾಲಲ್ಲಿ ಚಿತ್ರ ಬರೆಸುವುದು ಹೇಗೆ: ಮಲೆನಾಡಿನ ಒಂದು ಮನೆಯಿಂದ

ನಮ್ಮ ಮನೆ ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಪಕ್ಕ. ಮನೆಯ ಬೆಕ್ಕಿನ ಹೆಸರು ಬೂದಿ. ಮೈಬಣ್ಣ ನೋಡಿ ಇಟ್ಟ ಹೆಸರಲ್ಲ, ಅದರ ಮೈಯೆಲ್ಲ ಬಿಳಿ. ಬಚ್ಚಲ ಒಲೆ ಆರಿದ ಮೇಲೆ ಆ ಬೂದಿಯಲ್ಲೇ ಹೊರಳಿ ಮಲಗುವ ಚಟದಿಂದ ಬಂದ ಹೆಸರು. ಒಂದು ಚಳಿಗಾಲದ ಬೆಳಿಗ್ಗೆ ಅದು ಒಲೆಯಿಂದ ಎದ್ದು, ಒದ್ದೆ ಬಚ್ಚಲು ದಾಟಿ, ಆಗಷ್ಟೇ ಒರೆಸಿದ್ದ ರೆಡ್ ಆಕ್ಸೈಡ್ ನೆಲದ ಮೇಲೆ ನಡೆದುಕೊಂಡು ಹೋಯಿತು. ಕೆಂಪು ನೆಲದ ತುಂಬ ಬೂದುಬಣ್ಣದ ಹೆಜ್ಜೆ. ನಡುವೆ ಒಂದು ಕಡೆ ನಿಂತು ಕಾಲು ಕೊಡವಿದ ಚುಕ್ಕಿಗಳು, ಜಾರಿದ ಒಂದು ಉದ್ದ ಗೆರೆ. ಒರೆಸಲು ಬಟ್ಟೆ ತಂದವನು ಹಾಗೇ ನಿಂತುಬಿಟ್ಟೆ. ಚೆನ್ನಾಗಿತ್ತು ಅದು.

ಪಕ್ಕದ ಮನೆಯಲ್ಲಿ ಹಸೆ ಚಿತ್ತಾರ ಬರೆಯುವ ಅಜ್ಜಿ ಇದ್ದಾರೆ. ನಮ್ಮ ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆ ಮೇಲೆ ಬರೆಯುತ್ತಾರಲ್ಲ, ಆ ಚಿತ್ತಾರ. ಅವರನ್ನು ಕರೆದು ನೆಲ ತೋರಿಸಿದೆ. ಸೊಂಟಕ್ಕೆ ಕೈಯಿಟ್ಟು ನೋಡಿ, "ಬೆಕ್ಕು ಹಸೆ ಬರೆದಿದೆ ಅಂದ್ರೆ ಮದುವೆ ಯಾರದ್ದೋ?" ಅಂದರು.

ಅಲ್ಲಿಂದ ಶುರುವಾಯಿತು. ಈಗ ನಮ್ಮ ಮನೆಯ ಗೋಡೆಯಲ್ಲಿ ಬೂದಿಯ ಏಳು ಚಿತ್ರಗಳಿವೆ. ಹಾಳಾದವು ಅದರ ಮೂರರಷ್ಟು. ಹೇಗೆ ಹಾಳಾದವು ಅನ್ನುವುದನ್ನೂ ಸೇರಿಸಿಯೇ ಇಲ್ಲಿ ಬರೆಯುತ್ತೇನೆ. ನೀವು ಅಷ್ಟು ಕಾಗದ ಹಾಳು ಮಾಡಬೇಕಿಲ್ಲ.

ಮೊದಲು ಒಂದೇ ಒಂದು ನಿಯಮ

ಬೆಕ್ಕಿನ ಕಾಲಿಗೆ ಹತ್ತಿದ್ದು ಬೆಕ್ಕಿನ ಹೊಟ್ಟೆಗೆ ಹೋಗುತ್ತದೆ. ಇದಿಷ್ಟು ನೆನಪಿದ್ದರೆ ಅರ್ಧ ಕೆಲಸ ಆಯಿತು. ನಾಯಿಯಾದರೆ ಕೆಸರು ಕಾಲಲ್ಲೇ ಮಲಗಿಬಿಡುತ್ತದೆ. ಬೆಕ್ಕು ಬಿಡುವುದಿಲ್ಲ, ಕೊನೆಯ ಚುಕ್ಕಿ ಹೋಗುವ ತನಕ ನೆಕ್ಕುತ್ತದೆ. ಜೊತೆಗೆ ಬೆಕ್ಕಿನ ಲಿವರ್ ಬೇರೆ ಥರ. ನಮ್ಮ ದೇಹ ಸುಲಭವಾಗಿ ಹೊರಹಾಕುವ ಎಷ್ಟೋ ವಸ್ತುಗಳನ್ನು, ಮುಖ್ಯವಾಗಿ ಫೀನಾಲ್ ಜಾತಿಯವನ್ನು, ಹೊರಹಾಕುವ ಶಕ್ತಿ ಅದಕ್ಕೆ ತುಂಬ ಕಡಿಮೆ. ಮನುಷ್ಯರಿಗೆ ಏನೂ ಆಗದ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲುವುದು ಇದೇ ಕಾರಣಕ್ಕೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಮೊದಲ ಸಲ ಮಕ್ಕಳ ಪೋಸ್ಟರ್ ಕಲರ್ ತಂದೆ. ಡಬ್ಬಿಯ ಮೇಲೆ "ನಾನ್ ಟಾಕ್ಸಿಕ್" ಅಂತ ದೊಡ್ಡದಾಗಿ ಬರೆದಿತ್ತು. ಬೂದಿಯ ಮುಂಗಾಲನ್ನು ಅದರಲ್ಲಿ ಅದ್ದಿ ಕಾಗದದ ಮೇಲೆ ಬಿಟ್ಟೆ. ಎರಡು ಹೆಜ್ಜೆ ಇಟ್ಟಿತು. ಆಮೇಲೆ ಅಂಡು ಸುಟ್ಟ ಬೆಕ್ಕಿನ ಹಾಗೆ ಅಂತಾರಲ್ಲ, ಸಾಕ್ಷಾತ್ ಹಾಗೇ ಓಡಿ ಅಟ್ಟ ಹತ್ತಿತು. ಕೆಳಗಿಳಿಯುವ ಹೊತ್ತಿಗೆ ಕಾಲು ಸ್ವಚ್ಛ, ಬಾಯಲ್ಲಿ ನೊರೆ. ರಾತ್ರಿ ಎರಡು ಸಲ ವಾಂತಿ. ಬೆಳಿಗ್ಗೆ ವೈದ್ಯರ ಹತ್ತಿರ ಒಯ್ದೆ. ಪುಣ್ಯಕ್ಕೆ ಏನೂ ಆಗಲಿಲ್ಲ. ಆಮೇಲೆ ಗೊತ್ತಾಯಿತು: "ನಾನ್ ಟಾಕ್ಸಿಕ್" ಅನ್ನುವುದು ಮನುಷ್ಯರ ಮಕ್ಕಳನ್ನು ಲೆಕ್ಕಕ್ಕೆ ಹಿಡಿದು ಹೇಳುವ ಮಾತು. ಬೆರಳಿಗೆ ಹತ್ತಿದ ಬಣ್ಣ ತೊಳೆದುಕೊಳ್ಳುವವರಿಗೆ. ಇಡೀ ಅಂಗಾಲು ನೆಕ್ಕುವವರಿಗಲ್ಲ.

ಹಾಗಾಗಿ ಎರಡೇ ದಾರಿ. ಒಂದು, ಬಣ್ಣ ಬೆಕ್ಕಿಗೆ ಸೋಕಲೇಬಾರದು. ಇನ್ನೊಂದು, ಸೋಕುವ ಬಣ್ಣ ಅಡುಗೆಮನೆಯದ್ದೇ ಆಗಿರಬೇಕು. ಮೊದಲನೆಯದನ್ನು ಕವರ್ ವಿಧಾನ ಅನ್ನೋಣ. ಹೊಸಬರು ಅದರಿಂದಲೇ ಶುರು ಮಾಡಿ. ನಮ್ಮ ಗೋಡೆಯ ಏಳರಲ್ಲಿ ಐದು ಕವರಿನವೇ.

ಕವರ್ ವಿಧಾನ

ಕಲ್ಪನೆ ಸರಳ. ದಪ್ಪ ಕಾಗದದ ಮೇಲೆ ಅಲ್ಲಲ್ಲಿ ಬಣ್ಣದ ಹನಿ ಇಟ್ಟು, ಅದನ್ನು ಪಾರದರ್ಶಕ ಕವರಿನೊಳಗೆ ಹಾಕಿ ಮುಚ್ಚುವುದು. ಬೆಕ್ಕು ಕವರಿನ ಮೇಲೆ ನಡೆಯುತ್ತದೆ, ಕೆರೆಯುತ್ತದೆ, ಕುಣಿಯುತ್ತದೆ. ಒಳಗೆ ಬಣ್ಣ ಹರಡುತ್ತದೆ. ಅದರ ಕಾಲು ಒಣಗಿಯೇ ಇರುತ್ತದೆ.

ಬೇಕಾದ್ದು: ದಪ್ಪ ಡ್ರಾಯಿಂಗ್ ಶೀಟು (300 ಜಿಎಸ್‌ಎಂ ಸಿಕ್ಕರೆ ಒಳ್ಳೆಯದು, ತೆಳು ಕಾಗದ ಒದ್ದೆಯಾಗಿ ಮುದುರುತ್ತದೆ), ಅದು ಹಿಡಿಸುವ ಎರಡು ಜಿಪ್ ಕವರು, ಅಗಲದ ಟೇಪು, ಬಣ್ಣ, ಒಂದಿಷ್ಟು ಮೀನು.

ಹಿಂದಿನ ದಿನವೇ ಉಗುರು ನೋಡಿ. ಮುಂಗಾಲಲ್ಲಿ ಐದೈದು, ಹಿಂಗಾಲಲ್ಲಿ ನಾಲ್ಕು ನಾಲ್ಕು ಉಗುರು ಇರುತ್ತವೆ. ಮುಂಗಾಲಿನ ತುದಿ ಮಾತ್ರ ಕತ್ತರಿಸಿದರೆ ಸಾಕು. ಬೆರಳನ್ನು ಮೆಲ್ಲಗೆ ಒತ್ತಿದಾಗ ಉಗುರು ಹೊರಬರುತ್ತದೆ. ಒಳಗೆ ಗುಲಾಬಿ ಬಣ್ಣದ ಜೀವ ಕಾಣುತ್ತದೆ, ಅದು ರಕ್ತನಾಳ, ಅದನ್ನು ಮುಟ್ಟಬಾರದು. ತುದಿಯ ಗಾಜಿನಂಥ ಕೊಕ್ಕೆ ಮಾತ್ರ ತೆಗೆಯಿರಿ. ಇಲಿ ಹಿಡಿಯುವ ಬೆಕ್ಕಾದರೆ ಅದರ ಕೆಲಸದ ಹತ್ಯಾರ ತೆಗೆದ ಹಾಗೆ ಅಂತ ನಮ್ಮಪ್ಪನ ತಕರಾರು. ಹಾಗನಿಸಿದರೆ ಕತ್ತರಿಸಬೇಡಿ, ಕವರು ಎರಡರ ಬದಲು ಮೂರು ಹಾಕಿ.

ಕವರಿಗೆ ಒಂದು ಚಮಚ ನೀರು ಹಾಕಿ ಒತ್ತಿ ನೋಡಿ, ಸೋರುತ್ತದಾ ಅಂತ. ಈ ಕೆಲಸ ಬಿಟ್ಟು ನಾನು ಒಂದು ಕಂಬಳಿ ಕಳೆದುಕೊಂಡಿದ್ದೇನೆ.

ಈಗ ಬಣ್ಣ ಇಡುವುದು. ಎ4 ಹಾಳೆಗೆ ಬಟಾಣಿ ಗಾತ್ರದ ಆರೇಳು ಹನಿ ಸಾಕು. ಎಲ್ಲರೂ ಜಾಸ್ತಿ ಹಾಕುತ್ತಾರೆ, ನಾನೂ ಹಾಕುತ್ತಿದ್ದೆ. ಜಾಸ್ತಿಯಾದರೆ ಎಲ್ಲ ಕಲಸಿ ಮಳೆಗಾಲದ ಗದ್ದೆ ಬದುವಿನ ಬಣ್ಣ ಬರುತ್ತದೆ. ಬಣ್ಣದ ಸಂಖ್ಯೆಯೂ ಅಷ್ಟೇ. ಎರಡು ಬಣ್ಣ, ಜೊತೆಗೆ ಬಿಳಿ. ಹಳದಿ ನೀಲಿ ಇಟ್ಟರೆ ನಡುವೆ ಹಸಿರು ತಾನಾಗಿ ಹುಟ್ಟುತ್ತದೆ. ಕೆಂಪು ಹಸಿರು ಪಕ್ಕಪಕ್ಕ ಇಟ್ಟರೆ ಕಂದು ರಾಡಿ. ಹನಿಗಳನ್ನು ಸಾಲಾಗಿ ಇಡಬೇಡಿ. ಒಂದು ಮೂಲೆಯಲ್ಲಿ ಗುಂಪಾಗಿ, ಇನ್ನೊಂದು ಕಡೆ ಒಂಟಿಯಾಗಿ. ಒಂದಷ್ಟು ಜಾಗ ಖಾಲಿ ಬಿಡಿ. ಸತ್ಯ ಹೇಳಬೇಕೆಂದರೆ ಚಿತ್ರ ಚೆನ್ನಾಗಿ ಬರುವುದೋ ಇಲ್ಲವೋ ಅನ್ನುವುದು ಇಲ್ಲೇ ಮುಕ್ಕಾಲು ನಿರ್ಧಾರವಾಗುತ್ತದೆ. ಬೆಕ್ಕಿಗೆ ಕೆಂಪು ಸರಿಯಾಗಿ ಕಾಣುವುದೇ ಇಲ್ಲ. ನೀಲಿ, ಹಳದಿ ಅದಕ್ಕೆ ಬೇರೆಬೇರೆಯಾಗಿ ಕಾಣುತ್ತವೆ, ಉಳಿದದ್ದು ಮಬ್ಬು. ಬಣ್ಣ ಆರಿಸುವ ಕಲಾವಿದರು ನೀವೇ.

ಬಣ್ಣ ತೀರ ಗಟ್ಟಿ ಇದ್ದರೆ ಹರಡುವುದಿಲ್ಲ. ಮನೆಬೆಕ್ಕಿನ ತೂಕ ಮೂರರಿಂದ ಐದು ಕಿಲೋ, ಅದೂ ನಾಲ್ಕು ಕಾಲಿಗೆ ಹಂಚಿಹೋಗುತ್ತದೆ. ನೀರು ದೋಸೆ ಹಿಟ್ಟಿಗಿಂತ ಗಟ್ಟಿ, ಉದ್ದಿನ ದೋಸೆ ಹಿಟ್ಟಿಗಿಂತ ಸ್ವಲ್ಪ ತೆಳು, ಅದು ಹದ.

ಹಾಳೆಯನ್ನು ಕವರಿಗೆ ಸೇರಿಸಿ, ಗಾಳಿ ತೆಗೆದು, ಜಿಪ್ ಎಳೆದು, ಅದರ ಮೇಲೆ ಟೇಪು. ಅದನ್ನು ಎರಡನೇ ಕವರಿಗೆ ಹಾಕಿ ಮತ್ತೆ ಟೇಪು. ಆಮೇಲೆ ನೆಲಕ್ಕೆ ನಾಲ್ಕೂ ಮೂಲೆ ಅಂಟಿಸಿ. ಕಾಲಡಿ ಜಾರಿದರೆ ಬೆಕ್ಕು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಗಟ್ಟಿ ನೆಲದ ಮೇಲೆ ಹೆಜ್ಜೆಯ ಗುರುತು ಚೆನ್ನಾಗಿ ಬೀಳುತ್ತದೆ.

ಇನ್ನೊಂದು ಥರದ ಚಿತ್ರ ಬೇಕಾದರೆ ಕಂಬಳಿ ಬಳಸಿ. ಬೆಕ್ಕು ಮೆತ್ತನೆಯ ಉಣ್ಣೆ ಸಿಕ್ಕರೆ ಎರಡೂ ಮುಂಗಾಲಲ್ಲಿ ಹಿಟ್ಟು ನಾದಿದ ಹಾಗೆ ಒತ್ತುತ್ತದೆ. ಮರಿಯಾಗಿದ್ದಾಗ ತಾಯಿಯ ಮೊಲೆ ಒತ್ತಿ ಹಾಲು ಇಳಿಸುತ್ತಿದ್ದ ಅಭ್ಯಾಸ ಅದು, ದೊಡ್ಡದಾದರೂ ಬಿಡುವುದಿಲ್ಲ. ಕಾಗದದ ಹಿಂದೆ ರಟ್ಟು ಕೊಟ್ಟು, ಕವರನ್ನು ಕಂಬಳಿ ಮೇಲಿಟ್ಟು, ಅದರ ಮೇಲೆ ತೆಳು ಉಣ್ಣೆಯ ಶಾಲು ಹೊದಿಸಿ. ಬೆಕ್ಕು ಶಾಲಿನ ಮೇಲೆ ನಾದುತ್ತದೆ, ಕೆಳಗೆ ಬಣ್ಣ ಹೂ ಅರಳಿದ ಹಾಗೆ ಸುತ್ತ ಹರಡುತ್ತದೆ. ಉಗುರು ನೇರ ಕವರಿಗೆ ತಾಗುವುದೂ ಇಲ್ಲ. ಬೂದಿಯ ಒಳ್ಳೆಯ ಚಿತ್ರಗಳೆಲ್ಲ ಹೀಗೆ ಬಂದವು.

ಕೆಲಸ ಮುಗಿದ ಕೂಡಲೇ ಹಾಳೆಯನ್ನು ಹೊರತೆಗೆಯಿರಿ. ಒಳಗೇ ಒಣಗಲು ಬಿಟ್ಟರೆ ಬಣ್ಣ ಪ್ಲಾಸ್ಟಿಕ್ಕಿಗೆ ಅಂಟಿ ಬರುತ್ತದೆ. ಒಂದು ಮೂಲೆಯಿಂದ ಮೆಲ್ಲಗೆ, ಬಾಳೆಲೆಯಿಂದ ಕಡುಬು ಬಿಡಿಸಿದ ಹಾಗೆ ಬಿಡಿಸಿ. ಹಿಂದಿನ ಸಲ ಸುಮ್ಮನೆ ಎಳೆದು ನಾನು ಪಟ್ಟ ಪಾಡು ಬೇಡ.

ಯಾವ ಬಣ್ಣ, ಯಾವುದು ಬೇಡ

ಕವರಿನೊಳಗೆ ನೀರಿನಲ್ಲಿ ಕರಗುವ ಬಣ್ಣ ಅಥವಾ ಆಕ್ರಿಲಿಕ್ ಬಳಸಬಹುದು, ಕವರು ಎರಡಿದ್ದರೆ, ನೀವು ಪಕ್ಕದಲ್ಲೇ ಕೂತಿದ್ದರೆ. ಆಯಿಲ್ ಪೇಂಟು, ಎನಾಮಲ್, ಟರ್ಪೆಂಟೈನ್ ಮಾತ್ರ ಬೆಕ್ಕಿರುವ ಕೋಣೆಗೇ ತರಬೇಡಿ. ಹೋಳಿ ಬಣ್ಣ, ರಂಗೋಲಿ ಪುಡಿ, ಪೇಟೆ ಕುಂಕುಮವೂ ಬೇಡ. ಅದರಲ್ಲಿ ಏನಿದೆ ಅಂತ ಮಾರುವವರಿಗೂ ಗೊತ್ತಿರುವುದಿಲ್ಲ.

ನನಗೆ ಇಷ್ಟವಾದದ್ದು ಚಿತ್ತಾರದ ಬಣ್ಣಗಳು. ಪಕ್ಕದ ಮನೆ ಅಜ್ಜಿ ಹೇಳಿಕೊಟ್ಟದ್ದು. ಹಸೆ ಚಿತ್ತಾರಕ್ಕೆ ಬಿಳಿ ಬರುವುದು ನೆನೆಸಿ ಅರೆದ ಅಕ್ಕಿಯಿಂದ, ಕಪ್ಪು ಬರುವುದು ಸುಟ್ಟ ಅಕ್ಕಿಯಿಂದ, ಕೆಂಪು ಕೆಮ್ಮಣ್ಣಿನಿಂದ, ಹಳದಿ ಗುರಿಗೆ ಕಾಯಿಯಿಂದ. ಬರೆಯುವ ಬ್ರಷ್ಷು ಪುಂಡಿ ನಾರಿನದ್ದು. ಅದರಲ್ಲಿ ಎರಡು ಬಣ್ಣ ನಮಗೆ ಹಾಗೇ ಸಿಕ್ಕಂತೆ.

ಬಿಳಿಗೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಮಿಕ್ಸಿಯಲ್ಲಿ ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ. ಕಪ್ಪಿಗೆ ಒಂದು ಹಿಡಿ ಅಕ್ಕಿಯನ್ನು ಕಬ್ಬಿಣದ ಬಾಣಲೆಯಲ್ಲಿ ಇದ್ದಿಲಾಗುವ ತನಕ ಹುರಿದು ಅರೆಯಿರಿ. ಕಿಟಕಿ ತೆಗೆದಿಡಿ, ಮನೆ ತುಂಬ ಹೊಗೆಯಾಗುತ್ತದೆ. ಹಳದಿಗೆ ಗುರಿಗೆಯ ಬದಲು ಮನೆಯ ಅರಿಶಿನದ ಒಂದು ಚಿಟಿಕೆ. ಕೆಂಪಿಗೆ ಬೀಟ್‌ರೂಟ್ ತುರಿದು ಹಿಂಡಿದ ರಸ. ನೀಲಿ ಅಡುಗೆಮನೆಯಲ್ಲಿ ಹುಟ್ಟುವುದಿಲ್ಲ, ಅದಕ್ಕೆ ತಿನಿಸಿಗೆ ಹಾಕುವ ಬಣ್ಣವನ್ನೇ ತನ್ನಿ, ಶೀಶೆಯ ಮೇಲೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇರುವಂಥದ್ದು. ಎರಡು ಹನಿ ಸಾಕು. ಇವೆಲ್ಲ ನೀರು ನೀರಾಗಿರುತ್ತವೆ. ಒಂದು ಲೋಟ ನೀರಿಗೆ ಎರಡು ಚಮಚ ಕಾರ್ನ್‌ಫ್ಲೋರ್ ಅಥವಾ ಅಕ್ಕಿಹಿಟ್ಟು ಹಾಕಿ ಗಂಜಿ ಕಾಯಿಸಿ, ಆರಿಸಿ, ಅದಕ್ಕೆ ಬಣ್ಣ ಕಲಸಿದರೆ ಹದಕ್ಕೆ ಬರುತ್ತದೆ.

ಕೆಮ್ಮಣ್ಣಿನ ವಿಷಯದಲ್ಲಿ ಒಂದು ಎಚ್ಚರಿಕೆ. ತೋಟದ ಮಣ್ಣು ತರಬೇಡಿ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುತ್ತೇವಲ್ಲ, ಅದರ ಮೈಲುತುತ್ತ ವರ್ಷ ವರ್ಷ ಅಡಿಗೆ ಬಿದ್ದಿರುತ್ತದೆ. ಧರೆ ಕಡಿದ ಕಡೆ, ಮೇಲಿನ ಮಣ್ಣು ಕೆರೆದು, ಒಳಗಿನ ಕೆಂಪು ತೆಗೆಯಿರಿ. ಜರಡಿ ಹಿಡಿದು, ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಕವರಿನೊಳಗೆ ಮಾತ್ರ ಬಳಸಿ. ಆ ಕೆಂಪಿಗೆ ಯಾವ ಪೇಟೆ ಬಣ್ಣವೂ ಸಮ ಅಲ್ಲ, ಮೇಲಾಗಿ ಬಿಸಿಲಿಗೆ ಮಾಸುವುದಿಲ್ಲ.

ಇದೇ ಸಾಲಿನಲ್ಲಿ ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು. ಅಡಿಕೆ ಬೇಯಿಸಿದ ಮನೆಯವರಿಗೆ ಆ ಬಣ್ಣ ಹೇಳಬೇಕಿಲ್ಲ, ಬೆರಳಿಗೆ ಹತ್ತಿದರೆ ವಾರ ಬೇಕು ಹೋಗಲು. ಕಾಗದದ ಮೇಲೆ ಹಳೆಯ ಮರದ ಕಂಬದ ಬಣ್ಣ ಬರುತ್ತದೆ. ಎಂಥವರಿಗೂ ಆಸೆ ಹುಟ್ಟುತ್ತದೆ. ಆದರೆ ಅಡಿಕೆಯಲ್ಲಿ ಅರೆಕೋಲಿನ್ ಅನ್ನುವ ರಾಸಾಯನಿಕ ಇದೆ, ಬೆಕ್ಕಿಗೆ ಅದು ಆಗಿಬರುವುದಿಲ್ಲ. ಹಾಗಾಗಿ ಚೊಗರು ಕವರಿನೊಳಗೆ ಮಾತ್ರ, ಅದೂ ಶಾಲು ಹೊದಿಸಿದ ಕಂಬಳಿ ವಿಧಾನದಲ್ಲಿ ಮಾತ್ರ. ಹೊರಗೆ ಹನಿ ಬೀಳಬಾರದು.

ಬಸಳೆ ಹಣ್ಣು ನೆನಪಿದೆಯಾ? ಚಿಕ್ಕವರಿದ್ದಾಗ ಹಿಂಡಿ ಶಾಯಿ ಮಾಡಿ ಆಡಿದ್ದು? ಅದೂ ಕವರಿಗೆ ಚಂದ. ಒಂದೇ ಕೊರತೆ, ನೇರಳೆ ಬಣ್ಣ ಕೆಲವು ವಾರಗಳಲ್ಲಿ ಕಂದಾಗಿ ಮಾಸುತ್ತದೆ. ಬೀಟ್‌ರೂಟಿನದೂ ಅದೇ ಕಥೆ, ಅರಿಶಿನದ್ದೂ ಅದೇ. ಬಿಸಿಲು ಬೀಳುವ ಗೋಡೆಗೆ ಇವು ಬೇಡ.

ಅರಿಶಿನಕ್ಕೆ ಸುಣ್ಣ ಹಾಕಿ ಓಕುಳಿ ಕೆಂಪು ಮಾಡುವ ಐಡಿಯಾ ಬಂದರೆ ಅಲ್ಲೇ ಬಿಟ್ಟುಬಿಡಿ. ಸುಣ್ಣ ಅಂಗಾಲನ್ನೂ ನಾಲಿಗೆಯನ್ನೂ ಸುಡುತ್ತದೆ. ಹಾಗೇ, ಹುಳ ಹತ್ತದಿರಲಿ ಅಂತ ಬೈಂಡಿಂಗಿನವರು ಮೈದಾ ಅಂಟಿಗೆ ಮೈಲುತುತ್ತ ಹಾಕುತ್ತಾರೆ. ನಮ್ಮ ಗಂಜಿಗೆ ಅದು ಬೇಡವೇ ಬೇಡ.

ಬೆಕ್ಕನ್ನು ಒಪ್ಪಿಸುವುದು

ಬೆಕ್ಕನ್ನು ಹಿಡಿದು ಕಾಲು ಒತ್ತಿಸಬೇಡಿ. ಅದು ಬೆಕ್ಕಿನ ಚಿತ್ರ ಅಲ್ಲ, ನಿಮ್ಮ ರಬ್ಬರ್ ಸ್ಟಾಂಪು. ಥಾಯ್ಲೆಂಡಿನಲ್ಲಿ ಆನೆಗಳು ಹೂವಿನ ಚಿತ್ರ ಬರೆಯುವುದನ್ನು ಎಲ್ಲರೂ ನೋಡಿದ್ದೇವೆ. ಪಕ್ಕದಲ್ಲಿ ನಿಂತ ಮಾವುತ ಕಿವಿ ಜಗ್ಗಿ ಜಗ್ಗಿ ಪ್ರತಿ ಗೆರೆಯನ್ನೂ ಎಳೆಸುತ್ತಾನೆ ಅಂತ ಗೊತ್ತಾದ ಮೇಲೆ ಆ ಚಿತ್ರ ನೋಡಲು ಮನಸ್ಸಾಗುವುದಿಲ್ಲ. ನಮ್ಮ ಸಕ್ರೆಬೈಲಿನ ಆನೆಗಳು ತುಂಗೆಯ ಹಿನ್ನೀರಿನಲ್ಲಿ ಸುಮ್ನೆ ಮಲಗಿ ಸ್ನಾನ ಮಾಡಿಸಿಕೊಳ್ಳುವುದನ್ನು ನೋಡುವುದು ಎಷ್ಟೋ ವಾಸಿ.

ಚಿಂಪಾಂಜಿಯ ಮಾತು ಬೇರೆ. ಲಂಡನ್ ಮೃಗಾಲಯದ ಕಾಂಗೋ ಅನ್ನುವ ಚಿಂಪಾಂಜಿ 1950ರ ದಶಕದಲ್ಲಿ ತಾನೇ ಬ್ರಷ್ ಹಿಡಿದು ಬರೆಯುತ್ತಿತ್ತು. ಅದರ ಚಿತ್ರಗಳ ಪ್ರದರ್ಶನ 1957ರಲ್ಲಿ ನಡೆಯಿತು, ಮೂರು ಚಿತ್ರ 2005ರಲ್ಲಿ ಲಂಡನ್ನಿನಲ್ಲಿ ಹರಾಜಾದವು. ಬೆಕ್ಕಿಗೆ ಅಂಥ ಆಸೆ ಇಲ್ಲ. ಬೆಕ್ಕುಗಳು ಬೇಕೆಂದೇ ಚಿತ್ರ ಬರೆಯುತ್ತವೆ ಅಂತ 1994ರಲ್ಲಿ ಒಂದು ಗಂಭೀರ ಮುಖದ ತಮಾಷೆ ಪುಸ್ತಕ ಬಂದಿತ್ತು. ಅದನ್ನು ನಿಜ ಅಂತ ನಂಬಿದವರು ಬಹಳ ಜನ. ಬೂದಿಗೆ ಬೇಕಾದ್ದು ಮೀನು. ದಾರಿಯಲ್ಲಿ ಕಾಗದ ಬರುತ್ತದೆ ಅಷ್ಟೇ.

ಹಾಗಾದರೆ ಹೊತ್ತು ಮುಖ್ಯ. ಬೆಕ್ಕು ಚುರುಕಾಗಿರುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಅದರ ದಿನಚರಿ ಬೇಟೆ, ಊಟ, ನೆಕ್ಕುವುದು, ನಿದ್ದೆ. ಊಟ ಆದ ಮೇಲೆ ಎಷ್ಟು ಕರೆದರೂ ಬಾಲದ ತುದಿ ಮಾತ್ರ ಅಲ್ಲಾಡುತ್ತದೆ. ಊಟಕ್ಕೆ ಮುಂಚೆ, ದೀಪ ಹಚ್ಚುವ ಹೊತ್ತಿಗೆ ಕವರು ಹಾಸಿ.

ಮೊದಲ ಎರಡು ದಿನ ಬಣ್ಣವಿಲ್ಲದ ಖಾಲಿ ಕವರನ್ನು ನೆಲದ ಮೇಲೆ ಬಿಡಿ. ಮೂಸಲಿ, ಮೇಲೆ ಕೂರಲಿ. ಕೂತಾಗ ನಾಲಿಗೆಯಲ್ಲಿ ಟಕ್ ಅಂತ ಸದ್ದು ಮಾಡಿ ಒಂದು ಚೂರು ಮೀನು ಕೊಡಿ. ಮೂರನೇ ದಿನದ ಹೊತ್ತಿಗೆ ಕವರಿನ ಸರಬರ ಕೇಳಿದರೆ ಓಡಿಬರುತ್ತದೆ. ಬೇಯಿಸಿದ ಬೂತಾಯಿ ಅಥವಾ ಬಂಗುಡೆಯ ಮುಳ್ಳು ತೆಗೆದ ಚೂರು ಸಾಕು. ಒಣಮೀನಾದರೆ ಉಪ್ಪು ಹೋಗುವ ತನಕ ತೊಳೆಯಿರಿ. ನಿನ್ನೆಯ ಸಾರಿನ ಮೀನು ಬೇಡ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಮೀನು ಬರದ ಮನೆಗಳಲ್ಲಿ ಕೆನೆಯೋ ತುಪ್ಪವೋ ಬೆರಳ ತುದಿಯಷ್ಟು ಕವರಿಗೆ ಸವರಿದರೂ ಆಗುತ್ತದೆ. ಬೆಲ್ಲ ಸವರಿ ಪ್ರಯೋಜನ ಇಲ್ಲ, ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತೇ ಆಗುವುದಿಲ್ಲ.

ಇನ್ನೊಂದು ಗುಟ್ಟು: ಕುಪ್ಪಿ ಗಿಡ. ಹಿತ್ತಲಲ್ಲಿ ಕಳೆಯಂತೆ ಬೆಳೆಯುತ್ತದಲ್ಲ, ಅದೇ. ಬೇರು ಕಿತ್ತರೆ ಬೆಕ್ಕು ಎಲ್ಲಿದ್ದರೂ ಬಂದು ಹೊರಳಾಡುತ್ತದೆ. ತಮಿಳಿನವರು ಇದನ್ನು ಪೂನೈವಣಂಗಿ ಅನ್ನುತ್ತಾರೆ, ಅಂದರೆ ಬೆಕ್ಕು ಅಡ್ಡಬೀಳುವ ಗಿಡ. ಪೇಟೆಯಲ್ಲಿ ದುಡ್ಡು ಕೊಟ್ಟು ತರುವ ಕ್ಯಾಟ್‌ನಿಪ್ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಬೇರನ್ನು ತೊಳೆದು ಜಜ್ಜಿ, ಬಟ್ಟೆಯಲ್ಲಿ ಕಟ್ಟಿ ಕಾಗದದ ಅಡಿಗೆ ಇಡಿ. ತಿನ್ನಲು ಬಿಡಬೇಡಿ, ಗಿಡದಲ್ಲಿ ಒಳ್ಳೆಯದಲ್ಲದ ಅಂಶಗಳೂ ಇವೆ. ವಾಸನೆ ಸಾಕು. ಹೆಜ್ಜೆ ಗುರುತಿನ ಜೊತೆ ಮೈ ಹೊರಳಿದ ಅಗಲ ಗುರುತುಗಳೂ ಬರುತ್ತವೆ.

ಕೋಳಿ ಗರಿ ಆಡಿಸಿದರೆ ಕೆರೆತದ ಗೆರೆಗಳು ಬರುತ್ತವೆ. ಬಾಳೆ ನಾರು, ದಾರ ಆಡಿಸುವುದಾದರೆ ಆಟ ಮುಗಿದ ಕೂಡಲೇ ಎತ್ತಿಡಿ. ನುಂಗಿದರೆ ಕರುಳಿಗೆ ಸುತ್ತಿಕೊಂಡು ಆಪರೇಷನ್ ತನಕ ಹೋಗುತ್ತದೆ.

ಐದು ನಿಮಿಷ, ಜಾಸ್ತಿ ಅಂದರೆ ಹತ್ತು. ಬಾಲ ಪಟಪಟ ಬಡಿಯುವುದು, ಕಿವಿ ಹಿಂದಕ್ಕೆ ಮಡಚುವುದು, ಬೆನ್ನಿನ ಚರ್ಮ ಅಲೆಯಂತೆ ನಡುಗುವುದು ಕಂಡರೆ ಅಲ್ಲಿಗೇ ನಿಲ್ಲಿಸಿ. ಚಿತ್ರ ಅರ್ಧವಾಗಿದ್ದರೆ ಅರ್ಧವೇ ಚಿತ್ರ. ಕೆಲವು ಬೆಕ್ಕುಗಳಿಗೆ ಇದು ಯಾವತ್ತೂ ಹಿಡಿಸುವುದಿಲ್ಲ. ನಮ್ಮ ಅಕ್ಕನ ಮನೆಯ ಬೆಕ್ಕು ಹಾಗೆ. ತೀರ್ಥಹಳ್ಳಿಯಿಂದ ಅವಳು ಪ್ರತಿ ವಾರ ಫೋನ್ ಮಾಡಿ ನನ್ನ ವಿಧಾನ ಸರಿಯಿಲ್ಲ ಅನ್ನುತ್ತಾಳೆ.

ನೇರ ಹೆಜ್ಜೆ ಬೇಕು ಅನ್ನುವವರಿಗೆ

ಅಂಗಾಲಿನ ಗುರುತೇ ಬೇಕು, ಒಲೆಯ ಬೂದಿಯಲ್ಲಿ ಬಂದ ಹಾಗೆ, ಅನ್ನುವ ಆಸೆ ನನಗೂ ಇತ್ತು. ಅದಕ್ಕೆ ಅಡುಗೆಮನೆಯ ಬಣ್ಣ ಮಾತ್ರ. ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಬೀಟ್‌ರೂಟ್. ಕೆಮ್ಮಣ್ಣು, ಚೊಗರು, ಆಕ್ರಿಲಿಕ್ ಯಾವುದೂ ಇಲ್ಲಿಗೆ ಇಲ್ಲ. ಬಿಳಿ ಬೆಕ್ಕಾದರೆ ಬೀಟ್‌ರೂಟ್ ಕಾಲಿಗೆ ಎರಡು ದಿನ ಗುಲಾಬಿ ಬಣ್ಣ ಕೊಡುತ್ತದೆ. ಬಂದವರಿಗೆಲ್ಲ ಕಾರಣ ಹೇಳುತ್ತಾ ಕೂರಬೇಕು.

ಓಣಿಯಂಥ ಜಾಗ ಹುಡುಕಿ. ನಮ್ಮಲ್ಲಿ ನಡುಮನೆಯಿಂದ ಅಡುಗೆಮನೆಗೆ ಹೋಗುವ ಸಂದಿ. ಹೊಸ್ತಿಲ ಈಚೆ ಬಣ್ಣ ಹಿಂಡಿದ ಹತ್ತಿ ಬಟ್ಟೆ, ಆಚೆ ಐದಾರು ಅಡಿ ಚಾರ್ಟ್ ಪೇಪರು, ಕೊನೆಗೆ ಮೀನಿನ ತಟ್ಟೆ. ಬಟ್ಟೆ ಒದ್ದೆಯಾಗಿರಬೇಕು, ತೊಟ್ಟಿಕ್ಕಬಾರದು. ಬಟ್ಟೆಯ ಉದ್ದ ಎರಡು ಅಡಿಗಿಂತ ಜಾಸ್ತಿ ಇರಲಿ. ಇಲ್ಲದಿದ್ದರೆ ಬೆಕ್ಕು ಒಂದೇ ನೆಗೆತಕ್ಕೆ ದಾಟಿ ಮೀನು ತಿಂದು ನಿಮ್ಮ ಮುಖ ನೋಡುತ್ತದೆ. ಬೂದಿ ನಾಲ್ಕು ಸಲ ಹಾಗೆ ಮಾಡಿತು.

ನಿಧಾನವಾಗಿ ನಡೆದರೆ ಒಂದು ವಿಚಿತ್ರ ಕಾಣುತ್ತದೆ. ನಾಲ್ಕು ಕಾಲಿನ ಪ್ರಾಣಿ ಎರಡೇ ಕಾಲಲ್ಲಿ ನಡೆದ ಹಾಗೆ ಗುರುತು ಬಿದ್ದಿರುತ್ತದೆ. ಮುಂಗಾಲು ಇಟ್ಟ ಜಾಗದಲ್ಲೇ ಹಿಂಗಾಲು ಇಡುವುದು ಬೆಕ್ಕಿನ ನಡಿಗೆ, ತರಗೆಲೆ ಸದ್ದಾಗದಂತೆ ಬೇಟೆಗೆ ಹೋಗುವ ಉಪಾಯ. ಸುಮ್ಮನೆ ಸಾಲು ಹೆಜ್ಜೆ ಬೇಸರ ಅನಿಸಿದರೆ ದೂರದಿಂದ ತಟ್ಟೆ ಬಡಿದು ಕರೆಯಿರಿ. ಓಡಿದರೆ ಗುರುತು ಚದುರುತ್ತದೆ, ಜಾರುತ್ತದೆ. ಕಾಲು ಒದ್ದೆ ಅಂತ ನಡುವೆ ನಿಂತು ಕೊಡವಿದರೆ ಅದೃಷ್ಟ, ಆ ಚುಕ್ಕಿಗಳನ್ನು ಮನುಷ್ಯರು ಬ್ರಷ್ಷಿನಲ್ಲಿ ಹಾಕಲಾರರು. ಆ ಚಿತ್ರ ನೋಡಿ ಪಕ್ಕದ ಮನೆ ಅಜ್ಜಿ, "ನಮ್ಗೆ ಒಂದು ಎಳೆ ಸೊಟ್ಟ ಹೋದ್ರೆ ಅಳಿಸಿ ಬರೀಬೇಕು, ನಿನ್ನ ಬೆಕ್ಕಿಗೆ ತಪ್ಪು ಅನ್ನೋದೇ ಇಲ್ಲ" ಅಂದರು. ಹೊಟ್ಟೆಕಿಚ್ಚೋ ಮೆಚ್ಚುಗೆಯೋ ತಿಳಿಯಲಿಲ್ಲ.

ಮುಗಿದ ಮೇಲೆ ಉಗುರು ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ನಾಲ್ಕೂ ಕಾಲು, ಬೆರಳ ಸಂದಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ. ಸೋಪು ಬೇಡ. ನೆಲಕ್ಕೆ ಫಿನಾಯಿಲ್, ಡೆಟಾಲ್ ತರಹದ್ದು ಹಾಕಿದ್ದರೆ ಅದು ಪೂರ್ತಿ ಒಣಗುವ ತನಕ ಬೆಕ್ಕನ್ನು ಬಿಡಬೇಡಿ. ಇವು ಬಣ್ಣಕ್ಕಿಂತ ಅಪಾಯ.

ಕವರು ಹರಿದು ಬೇರೆ ಬಣ್ಣ ಕಾಲಿಗೆ ಹತ್ತಿತು ಅಂದುಕೊಳ್ಳಿ. ಟವೆಲ್ಲಿನಲ್ಲಿ ಸುತ್ತಿ ಹಿಡಿದು, ನೆಕ್ಕುವ ಮುಂಚೆ ನೀರಲ್ಲಿ ತೊಳೆಯಿರಿ. ನೆಕ್ಕಿಬಿಟ್ಟಿದ್ದರೆ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪು ನೀರು, ಎಣ್ಣೆ, ಹಾಲು ಏನೂ ಕುಡಿಸಬೇಡಿ. ಬಣ್ಣದ ಡಬ್ಬಿಯನ್ನೂ ಹಿಡಿದುಕೊಂಡು ಪಶುವೈದ್ಯರ ಹತ್ತಿರ ಹೋಗಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಹಳ್ಳಿಯಲ್ಲಿರುವವರು ಹತ್ತಿರದ ಪಶು ಆಸ್ಪತ್ರೆಯ ಫೋನ್ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ.

ಒಣಗಿಸುವುದು, ಉಳಿಸುವುದು

ಇಲ್ಲಿ ಬಯಲುಸೀಮೆಯವರಿಗೆ ಹೇಳುವ ಸಲಹೆ ನಮಗೆ ನಡೆಯುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮ ಕಡೆ ಅಷ್ಟಿಲ್ಲದಿದ್ದರೂ ಆಷಾಢದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಗಂಜಿ ಬಳಿದ ಕಾಗದ ಬಿಡುತ್ತದಾ? ಮೊದಲ ವರ್ಷದ ಚಿತ್ರಗಳೆಲ್ಲ ಹಸಿರು ತುಪ್ಪಳ ಬೆಳೆಸಿಕೊಂಡವು. ಒಂದನ್ನು ಇರುವೆಗಳು ಬಂದು ಅಕ್ಕಿಯ ಬಿಳಿ ಇರುವಲ್ಲೆಲ್ಲ ನೀಟಾಗಿ ತಿಂದು ಮುಗಿಸಿದವು. ನಿಜ ಹೇಳುತ್ತೇನೆ, ಅದು ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು.

ಆದ್ದರಿಂದ ಮಳೆಗಾಲದಲ್ಲಿ ಗಂಜಿ ಬಣ್ಣ ಮುಟ್ಟಬೇಡಿ. ಆಗ ಕವರಿನೊಳಗೆ ಆಕ್ರಿಲಿಕ್ ಮಾತ್ರ. ಅಡುಗೆಮನೆ ಬಣ್ಣಕ್ಕೆ ದೀಪಾವಳಿಯಿಂದ ಹೋಳಿ ತನಕ ಸರಿಯಾದ ಕಾಲ. ಅಂಗಳದಲ್ಲಿ ಅಡಿಕೆ ಒಣಗುವ ಹೊತ್ತು, ಚಿತ್ರವೂ ಒಣಗುತ್ತದೆ. ನೇರ ಬಿಸಿಲಿಗೆ ಬೇಡ, ಚಪ್ಪರದ ನೆರಳಿಗೆ. ಪೂರ್ತಿ ಒಣಗಲು ಎರಡು ದಿನ ಕೊಡಿ. ಬಚ್ಚಲ ಒಲೆಯ ಮೇಲಿನ ಅಟ್ಟ ಇದ್ದರೆ ಇನ್ನೂ ಒಳ್ಳೆಯದು, ಸ್ವಲ್ಪ ಹೊಗೆ ಹಿಡಿದ ಬಣ್ಣ ಬಂದರೂ ಹುಳ ಹತ್ತಿರ ಸುಳಿಯುವುದಿಲ್ಲ.

ಕಾಗದದ ಬದಲು ಅಡಿಕೆ ಹಾಳೆ ಬಳಸಿ ನೋಡಿ. ಬೇಸಿಗೆಯಲ್ಲಿ ಬಿದ್ದ ಹಾಳೆಯನ್ನು ಚೆನ್ನಾಗಿ ತೊಳೆದು, ರಾತ್ರಿ ನೀರಲ್ಲಿ ನೆನೆಸಿ, ಹಲಗೆಯ ಅಡಿ ಕಲ್ಲು ಹೇರಿ ಚಪ್ಪಟೆ ಮಾಡಿ. ಮಳೆಗಾಲದ ಹಾಳೆಗೆ ಬೋರ್ಡೊ ಸಿಡಿದಿರುತ್ತದೆ, ಅದು ಬೇಡ. ಹಾಳೆಯ ಒಳಮೈ ನಯ, ಅದರ ಮೇಲೆ ಸುಟ್ಟ ಅಕ್ಕಿಯ ಕಪ್ಪು ತುಂಬ ಚೆನ್ನಾಗಿ ಕೂರುತ್ತದೆ. ನಮ್ಮ ಏಳರಲ್ಲಿ ಒಂದು ಹಾಳೆಯದ್ದು. ಎಲ್ಲರ ಕಣ್ಣು ಮೊದಲು ಹೋಗುವುದು ಅದಕ್ಕೇ.

ವಾರ್ನಿಷ್ ಸ್ಪ್ರೇ ಮಾಡುವುದಾದರೆ ಅಂಗಳದಲ್ಲಿ ಮಾಡಿ, ವಾಸನೆ ಹೋಗುವ ತನಕ ಮನೆಯೊಳಗೆ ತರಬೇಡಿ. ಫ್ರೇಮಿನಲ್ಲಿ ಗಾಜಿಗೂ ಚಿತ್ರಕ್ಕೂ ನಡುವೆ ಸ್ವಲ್ಪ ಜಾಗ ಇರಲಿ ಅಂತ ಫ್ರೇಮ್ ಅಂಗಡಿಯಲ್ಲಿ ಹೇಳಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಗಾಜಿಗೇ ಅಂಟುತ್ತದೆ. ಮಳೆ ಹೊಡೆಯುವ ಗೋಡೆಗೆ ನೇತು ಹಾಕಬೇಡಿ. ಎತ್ತಿಡುವ ಚಿತ್ರಗಳ ನಡುವೆ ನುಸಿಗುಳಿಗೆ ಹಾಕುವ ರೂಢಿ ಇದೆ. ಬೆಕ್ಕಿರುವ ಮನೆಗೆ ಅದು ಬೇಡ, ಒಣಗಿದ ಬೇವಿನ ಎಲೆ ಸಾಕು. ಬೇಗ ಮಾಸುವ ಬೀಟ್‌ರೂಟ್, ಬಸಳೆ ಚಿತ್ರಗಳನ್ನು ಒಣಗಿದ ದಿನವೇ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದುಬಿಡಿ.

ವಾರಕ್ಕೆ ಒಂದಕ್ಕಿಂತ ಜಾಸ್ತಿ ಬರೆಸಬೇಡಿ. ಪ್ರತಿ ಚಿತ್ರದ ಹಿಂದೆ ದಿನ, ಬಣ್ಣ, ಖರ್ಚಾದ ಮೀನು ಬರೆದಿಡಿ, ಮುಂದಿನ ಸಲ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುತ್ತದೆ. ನಮ್ಮ ನಡುಮನೆಯ ದೊಡ್ಡ ಚಿತ್ರದ ಹಿಂದೆ ಹೀಗಿದೆ: ಕಾರ್ತಿಕ ಮಾಸ, ಸಂಜೆ. ಚೊಗರು ಮತ್ತು ಅಕ್ಕಿ ಬಿಳಿ. ಕಂಬಳಿ, ಅಮ್ಮನ ಶಾಲು (ಅಮ್ಮನಿಗೆ ಹೇಳಿಲ್ಲ). ಬೂತಾಯಿ ಮೂರು ಚೂರು. ಆರು ನಿಮಿಷ.